ರುಮಾಲಿನಲ್ಲಿ ಕೂತ ಪಾತರಗಿತ್ತಿ

ತುಕ್ಕಾನಟ್ಟಿಯ ಮಾಯವ್ವ ಮನಸ್ಸು ಮಾಡಿದಳೆಂದರೆ ಮುಗಿಯಿತು, ಮಳೆಯೂ ಅವಳನ್ನು ಕೇಳಿ ಸುರಿಯಬೇಕು. ಗೋಕಾಕ ಫಾಲ್ಸಿನ ದಾರಿಯಲ್ಲಿ ಹೊಸದಾಗಿ ಚಿಟ್ಟೆಗಳ ತೋಟವಾಗಿದೆ, ದೊಡ್ಡ ಬಲೆಯ ಮನೆಯೊಳಗೆ ಬಣ್ಣಬಣ್ಣದ ಪಾತರಗಿತ್ತಿಗಳನ್ನು ಸಾಕಿದ್ದಾರೆ ಎಂದು ನಿಡಸೋಸಿಯಲ್ಲಿ ಓದುವ ಮಗಳು ಅರ್ಚನಾ ಫೋನಿನಲ್ಲಿ ತೋರಿಸಿದ್ದೇ ತಡ, ನೋಡಲೇಬೇಕು ಎಂದು ಕೂತಳು.

"ಕುರಿ ಹಿಂದ ಅಡ್ಡಾಡುವಾಗ ದಿನಾ ನೋಡ್ತೇವಲ್ಲ, ಅದಕ್ಕ ಟಿಕೆಟ್ ಯಾಕ?" ಎಂದ ಗಂಡ ಶೆಟ್ಟೆಪ್ಪ.

"ಕುರಿ ಹಿಂದ ಅಡ್ಡಾಡುವಾಗ ನಾ ಕುರಿ ನೋಡ್ತೇನಿ. ಒಂದಿನ ಪಾತರಗಿತ್ತಿ ನೋಡೂಣು, ನಡೀರಿ."

ಕುರಿಗಳನ್ನು ಮೈದುನನ ಕೈಗೆ ಒಪ್ಪಿಸಿ, ರೊಟ್ಟಿ-ಶೇಂಗಾ ಹಿಂಡಿ ಕಟ್ಟಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಮಾಯವ್ವ ಇಳಕಲ್ ಸೀರೆ ಉಟ್ಟಿದ್ದಳು. ಶೆಟ್ಟೆಪ್ಪನ ತಲೆಯ ಮೇಲೆ ಎಂದಿನ ಕೆಂಪು ರುಮಾಲು.

ತೋಟದೊಳಗೆ ಕಾಲಿಟ್ಟ ಮೇಲೆ ಮಾಯವ್ವ ಮಾತೇ ಮರೆತಳು. ಅವಳು ಮಾತು ಮರೆಯುವುದೆಂದರೆ ಸಣ್ಣ ಸಂಗತಿಯಲ್ಲ. ಕರಿಬೇವಿನ ಗಿಡ, ದಾಸವಾಳ, ಎಕ್ಕೆ, ಎಲ್ಲಿ ನೋಡಿದರಲ್ಲಿ ರೆಕ್ಕೆ. ಅಂಕಲಗಿಯಿಂದ ಬಂದಿದ್ದ ಹಮೀದಾಬಿಯ ಬುರ್ಖಾದ ತೋಳಿಗೆ ಹಳದಿಯದೊಂದು ಬಂದು ಕೂತಾಗ ಇಬ್ಬರು ಹೆಂಗಸರೂ, ಪರಿಚಯವಿಲ್ಲದಿದ್ದರೂ, ಹುಡುಗಿಯರಂತೆ ನಕ್ಕರು. ಹಮೀದಾಬಿಯ ಗಂಡ, ಗಾದಿ ಹೊಲಿಯುವ ರಮಜಾನಸಾಬ, ಶೆಟ್ಟೆಪ್ಪನಿಗೆ ಎಲೆ-ಅಡಿಕೆ ಕೊಟ್ಟ. ಇಷ್ಟು ಸುಖದ ದಿನ ಮಾಯವ್ವನಿಗೆ ಎರಡು ವರ್ಷದಿಂದ ಸಿಕ್ಕಿರಲಿಲ್ಲ. ಇದು ಕೆಡಬಾರದು ಎಂದು ಅವಳಿಗೆ ಒಳಗೊಳಗೇ ಹೆದರಿಕೆಯಾಯಿತು.

ಕೆಟ್ಟದ್ದು ಹೊರಗೆ ಹೋಗುವ ಬಾಗಿಲಲ್ಲಿ. ಅಲ್ಲಿ ಎರಡು ಬಾಗಿಲುಗಳ ನಡುವೆ ಒಂದು ಚಿಕ್ಕ ಕೋಣೆ, ಗೋಡೆಗೆ ಕನ್ನಡಿ, ಕೈಯಲ್ಲಿ ಮೆತ್ತನೆಯ ಬ್ರಷ್ ಹಿಡಿದು ನಿಂತ ಸಂಘಮಿತ್ರಾ ಎಂಬ ಹುಡುಗಿ. ಬಟ್ಟೆಗೆ ಅಂಟಿಕೊಂಡು ಒಂದು ಚಿಟ್ಟೆಯೂ ಹೊರಗೆ ಹೋಗಬಾರದು, ಎಲ್ಲರೂ ಮೈ ಕೊಡವಿಕೊಂಡೇ ಹೋಗಬೇಕು. ಹಮೀದಾಬಿ ಬುರ್ಖಾ ಕೊಡವಿದಳು. ರಮಜಾನಸಾಬ ಟೊಪ್ಪಿಗೆ ತೆಗೆದು ಝಾಡಿಸಿ ಮತ್ತೆ ಹಾಕಿಕೊಂಡ. ಸಂಘಮಿತ್ರಾ ಶೆಟ್ಟೆಪ್ಪನ ಸುತ್ತ ಒಂದು ಸುತ್ತು ಬಂದು, "ಅಜ್ಜಾರ, ಹಿಂದ ರುಮಾಲಿನ ಸುತ್ತಿನ್ಯಾಗ ಒಂದು ಕೂತೈತ್ರಿ" ಎಂದಳು. ಎರಡು ವರ್ಷದ ಬೆವರು ಕುಡಿದ ಬಟ್ಟೆ, ಅದರ ಉಪ್ಪಿಗೆ ಆಸೆಪಟ್ಟು ಬಂದಿತ್ತು ಪಾಪದ್ದು. ಬ್ರಷ್ ತಾಗಿಸಿದಷ್ಟೂ ಇನ್ನೂ ಒಳಗೆ ಸರಿಯಿತು.

"ಬಿಚ್ಚಿ ಝಾಡಿಸ್ಬೇಕಾಗತೈತ್ರಿ."

"ಬಿಚ್ಚಂಗಿಲ್ಲ" ಎಂದ ಶೆಟ್ಟೆಪ್ಪ.

ಅವನ ಮಂದಿಯಲ್ಲಿ ಅದು ಹಾಗೆಯೇ. ಮನೆಯೊಳಗೆ ಮಲಗುವಾಗ ಬೇರೆ ಮಾತು. ನಾಲ್ಕು ಜನರ ಎದುರು ಗಂಡಸಿನ ರುಮಾಲು ತಲೆಯಿಂದ ಇಳಿಯುವುದು ಮನೆಯಲ್ಲಿ ಸಾವಾದಾಗ ಮಾತ್ರ.

ಹುಡುಗಿ ಮ್ಯಾನೇಜರನನ್ನು ಕರೆದಳು. ದೂರದ ಊರಿನಿಂದ ಬಂದವನು, ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. "ನೋಡಿ ಅಜ್ಜ, ಇಲ್ಲಿ ಎಲ್ಲರಿಗೂ ಒಂದೇ ರೂಲ್ಸು. ಇವರು ಟೋಪಿ ತೆಗೀಲಿಲ್ವಾ?"

ರಮಜಾನಸಾಬನಿಗೆ ಸಿಟ್ಟು ಬಂತು. "ನನ್ನ ಟೊಪ್ಪಗಿ ನಾ ತಗದೇನ್ರಿ. ಅವರ ರುಮಾಲು ಇಳಸಾಕ ನನ್ನ ಟೊಪ್ಪಗಿ ಯಾಕ ಮುಂದ ಮಾಡ್ತೀರಿ?"

ಹಿಂದೆ ಜನ ಸಾಲುಗಟ್ಟಿದರು. ಯಾರೋ ಫೋನು ಎತ್ತಿ ಚಿತ್ರ ತೆಗೆಯತೊಡಗಿದರು. ಸಂಜೆಯ ಬಸ್ಸಿನ ಹೊತ್ತಾಗುತ್ತಿತ್ತು. ಮಾಯವ್ವನಿಗೆ ಮೈಯೆಲ್ಲ ಉರಿಯಿತು, ಮ್ಯಾನೇಜರನ ಮೇಲಲ್ಲ, ಗಂಡನ ಮೇಲೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಈ ಮನುಷ್ಯನ ಜೊತೆ ಒಂದು ದಿನವಾದರೂ ನೆಟ್ಟಗೆ ಕಳೆಯುವುದು ಬೇಡವೇ?

"ತಗೀರಿ ಅತ್ತಾಗ! ನಾ ಸೆರಗ ಅಡ್ಡ ಹಿಡೀತೇನಿ, ಯಾರಿಗೂ ಕಾಣಂಗಿಲ್ಲ" ಎನ್ನುತ್ತ ಅವಳೇ ರುಮಾಲಿಗೆ ಕೈ ಹಾಕಿದಳು.

ಶೆಟ್ಟೆಪ್ಪ ತಡೆಯಲಿಲ್ಲ, ಬೈಯಲಿಲ್ಲ. ಅವಳ ಮುಖ ನೋಡಿದ. ಆ ನೋಟವನ್ನು ಮಾಯವ್ವ ಒಮ್ಮೆ ಕಂಡಿದ್ದಳು. ಮಗ ಸಿದ್ರಾಯನನ್ನು ಮಣ್ಣು ಮಾಡಿದ ದಿನ ರುಮಾಲು ಬಿಚ್ಚಿ ನೆಲಕ್ಕೆ ಹಾಕಿದವನು, ಆಮೇಲೆ ಮನೆಯ ಮೂಲೆಯಲ್ಲಿ ಬರಿ ತಲೆಯಲ್ಲಿ ಕೂತು ಹೊಸ್ತಿಲು ದಾಟಿರಲಿಲ್ಲ. ಅವಳ ತವರಿನಿಂದ ಅಣ್ಣ ಬಂದು, ಹೊಸ ರುಮಾಲು ಸುತ್ತಿ, ಏಳಪ್ಪಾ ಎಂದು ಕೈ ಹಿಡಿದು ಎಬ್ಬಿಸಿದ ಮೇಲೆಯೇ ಅವನು ಎದ್ದು ಕುರಿಯ ಕಡೆ ಹೋದದ್ದು. ಈಗ ಅವಳ ಬೆರಳಿನಲ್ಲಿದ್ದದ್ದು ಅದೇ ರುಮಾಲಿನ ಅಂಚು. ಅವಳಿಗೆ ತನ್ನ ಕೈಯನ್ನು ಕಂಡೇ ನಾಚಿಕೆಯಾಯಿತು.

ಕೈ ಹಿಂದಕ್ಕೆ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮ್ಯಾನೇಜರನ ಕಡೆ ತಿರುಗಿದಳು.

"ಇವರು ಬಿಚ್ಚಂಗಿಲ್ರಿ. ನಾನೂ ಬಿಚ್ಚಾಕ ಬಿಡಂಗಿಲ್ಲ. ಮಗಾ ಸತ್ತಾಗ ಇಳಸಿದ್ರು, ಆಮ್ಯಾಲ ನಮ್ಮಣ್ಣ ಬಂದು ಸುತ್ತಿದ ರುಮಾಲ ಇದು."

ಮ್ಯಾನೇಜರನ ಮುಖ ಒಂದು ಕ್ಷಣ ಸಡಿಲವಾಯಿತು. "ಪಾಪ, ನನಗೂ ಬೇಜಾರಾಗುತ್ತೆ ಅಜ್ಜಿ. ಆದ್ರೆ ಇದು ಎರಡು ನಿಮಿಷದ ಕೆಲಸ."

"ಬಿಚ್ಚಾಕ ಎರಡು ನಿಮಿಷ. ತಿರುಗಿ ಸುತ್ತಾಕ ನನ್ನ ತವರಿನವರು ಬರಬೇಕು. ಅವರು ಬರೂತನಾ ನೀವು ಇವರನ್ನ ಇಲ್ಲೇ ಇಟ್ಕೊಂಡು ರೊಟ್ಟಿ ಹಾಕ್ತೀರೇನು?"

"ನಾನು ಪೊಲೀಸರಿಗೆ ಫೋನ್ ಮಾಡಬೇಕಾಗುತ್ತೆ."

"ಮಾಡ್ರಿ! ಮುದುಕನ ತಲಿ ಮ್ಯಾಲ ಪಾತರಗಿತ್ತಿ ಕೂತೈತಿ, ಲಗೂನ ಜೀಪ್ ತಗೊಂಡು ಬರ್ರಿ ಅಂತ ಹೇಳ್ರಿ."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ನಗು ಕೇಳಿ ಮ್ಯಾನೇಜರನಿಗೆ ರೇಗಿತು. ಮುಂದೆ ಬಂದು ರುಮಾಲಿನತ್ತ ಕೈ ಚಾಚಿದ. ಮಾಯವ್ವ ಅಡ್ಡ ನಿಂತಳು.

"ಮುಟ್ಟಿ ನೋಡು" ಎಂದಳು. ಅಲ್ಲಿಯವರೆಗಿದ್ದ ಬಹುವಚನ ಹೋಗಿತ್ತು. ಅವನು ಕೈ ಕೆಳಗಿಳಿಸಿದ.

ಸಾಕಾಗಿ ಹೊರಬಾಗಿಲು ತೆರೆದು, "ಹೋಗಿ, ಅದನ್ನೂ ತಗೊಂಡೇ ಹೋಗಿ" ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಿತ್ತು.

"ಒಯ್ಯಂಗಿಲ್ಲ" ಎಂದ ಶೆಟ್ಟೆಪ್ಪ. "ಮಂದಿ ಕುರಿ ನನ್ನ ಹಿಂಡಿನ್ಯಾಗ ಬಂದು ಸೇರಿದ್ರ ನಾ ಹೊಡಕೊಂಡು ಹೋಗಾಂವ ಅಲ್ಲ. ನಿಮ್ಮ ಜೀವಾ ನೀವು ಇಳಿಸಿಕೊಳ್ರಿ. ರುಮಾಲು ಮಾತ್ರ ಇಳಿಯಂಗಿಲ್ಲ."

ಹೀಗೆಂದವನು ತಿರುಗಿ ತೋಟದೊಳಗೆ ನಡೆದು ಕಲ್ಲುಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತುಬಿಟ್ಟ. ಬೇರೆ ದಿನವಾಗಿದ್ದರೆ ಮಾಯವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಈಗ ಹೋಗಿ ಅವನ ಮಗ್ಗುಲಲ್ಲಿ ಕೂತಳು, ಹೆಮ್ಮೆಯಿಂದ. ಬಸ್ಸು ಹೋದರೆ ಹೋಗಲಿ. ಹಮೀದಾಬಿ ಗಂಡನನ್ನು ಎಳೆದುಕೊಂಡು ಬಂದು ಆಚೆ ತುದಿಗೆ ಕೂತಳು. "ನಾವೂ ಹೋಗಂಗಿಲ್ಲವಾ ಅಕ್ಕಾ" ಎಂದಳು.

ಮುಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ. ಕೊನೆಗೆ ಮಾಯವ್ವನೇ ಸಂಘಮಿತ್ರಾಳನ್ನು ಕರೆದು, "ಅವಕ್ಕ ತಿನ್ನಾಕ ಏನ್ ಇಡ್ತಿಯವಾ?" ಎಂದು ಕೇಳಿದಳು. ಹುಡುಗಿ ಕೊಳೆತ ಬಾಳೆಹಣ್ಣಿನ ತಟ್ಟೆ ತಂದಳು. ಮಾಯವ್ವ ಕೈ ಚಾಚಿದರೆ ಹುಡುಗಿಗೆ ಸಂಕಟ. "ನೋಡಾಕ ಬಂದವ್ರು ಇದನ್ನ ಮುಟ್ಟೂ ಹಂಗಿಲ್ರಿ ಆಯಿ, ನಮ್ಮ ರೂಲ್ಸ್ ಐತಿ" ಎಂದು ಮ್ಯಾನೇಜರನ ಮುಖ ನೋಡಿದಳು.

"ಹಂಗಾರ ರೂಲ್ಸ್ ಮಾಡಿದವ್ರ ಹಿಡೀಲಿ" ಎಂದಳು ಮಾಯವ್ವ.

ಮ್ಯಾನೇಜರ ಹಲ್ಲು ಕಚ್ಚಿ ಹಣ್ಣಿನ ಚೂರು ಹಿಡಿದು ಬೆಂಚಿನ ಹಿಂದೆ ನಿಂತ. ಚಿಟ್ಟೆ ಕೆಳಸುತ್ತಿನಲ್ಲಿತ್ತು, ಕೈ ಸರಿಯಾಗಿ ಎಟುಕಲಿಲ್ಲ. "ಸ್ವಲ್ಪ ಬಗ್ಗಿ ಅಜ್ಜ" ಎಂದ. ಶೆಟ್ಟೆಪ್ಪನ ಕುತ್ತಿಗೆ ಕದಲಲಿಲ್ಲ. ಒಂದು ಗಳಿಗೆ ನೋಡಿ, ಇಸ್ತ್ರಿಯ ಪ್ಯಾಂಟಿನಲ್ಲೇ ಮ್ಯಾನೇಜರ ಕೆಸರಿನಲ್ಲಿ ಮಂಡಿಯೂರಿದ. ಪಾತರಗಿತ್ತಿಗೆ ಯಾವ ಅವಸರವೂ ಇರಲಿಲ್ಲ. ಮೀಸೆ ಆಡಿಸಿತು, ರೆಕ್ಕೆ ಬಿಚ್ಚಿತು, ಮುಚ್ಚಿತು. ಅವನು ಎರಡು ಸಲ ಕೈ ಬದಲಿಸಿದ ಮೇಲೆ ನಿಧಾನವಾಗಿ ಹಣ್ಣಿನ ಮೇಲೆ ಕಾಲಿಟ್ಟಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಶೆಟ್ಟೆಪ್ಪ ಎದ್ದು, ಅವನಿಗೆ ಕೈಮುಗಿದು, ಬಾಗಿಲ ಕಡೆ ನಡೆದ. ಮ್ಯಾನೇಜರ ಮಂಡಿಯ ಕೆಸರು ಒರೆಸಿಕೊಳ್ಳುತ್ತ, "ಅಜ್ಜಿ, ಇನ್ನೊಂದು ಸಲ ಬಂದ್ರೆ ರುಮಾಲು ಮನೇಲೇ ಬಿಟ್ಟು ಬನ್ನಿ" ಎಂದ.

"ಇನ್ನೊಂದ ಸಲ ಬಂದ ಬರ್ತೇವಿ" ಎಂದಳು ಮಾಯವ್ವ. "ಆವಾಗ ನಾನೂ ಒಂದು ರುಮಾಲು ಸುತ್ತಿಕೊಂಡ ಬರ್ತೇನಿ."