ಜಿಂಕೆಯ ಬಾಯಿಗೆ ನೀರು

ಫೋಟೋ ತೆಗೆಯಲು ಕಾಡಿಗೆ ಹೋಗುತ್ತೇನೆ ಎಂದು ಹಯವದನ ಹೆಂಡತಿಗೆ ಹೇಳಿದ್ದ. ಸುಳ್ಳಿಗೆ ಸಾಕ್ಷಿಯಾಗಿ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡೇ ಹೊಸ್ತಿಲು ದಾಟಿದ.

“ಜಿಂಕೇದು ಒಂದು ಒಳ್ಳೇ ಫೋಟೋ ತೆಗೀರಿ, ಮೈಸೂರಿಗೆ ಕಳಿಸೋಣ. ಅತ್ತೆಯವ್ರಿಗೆ ಖುಷಿಯಾಗುತ್ತೆ,” ಎಂದು ಕೌಸಲ್ಯಾ ಅವಲಕ್ಕಿಯ ಡಬ್ಬಿ ಕೈಗಿತ್ತಳು. ಹೊರಗೆ ನಿಂತ ಪಿಕಪ್‌ನಲ್ಲಿ ಎರಡು ಬಂದೂಕುಗಳಿರುವುದು ಪಾಪ ಅವಳಿಗೇನು ಗೊತ್ತು!

ಪಿಕಪ್ ವಾಲ್ಟರನದು. ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಂಪನಿಯ ಡಿಸೈನ್ ಆಫೀಸಿನಲ್ಲಿ ಅವನೂ ಹಯವದನನೂ ಅಕ್ಕಪಕ್ಕದ ಟೇಬಲ್ಲಿನವರು. ಮಂಜುಗಟ್ಟಿದ ರಸ್ತೆಯಲ್ಲಿ ಡ್ರೈವ್ ಮಾಡುವುದನ್ನು ಹಯವದನನಿಗೆ ಕಲಿಸಿದವನೇ ವಾಲ್ಟರ್. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಕಾರುಗಳು ಮಾರಾಟವಾಗದೆ ಆಫೀಸು ಜನರನ್ನು ತೆಗೆಯತೊಡಗಿದಾಗ ವಾಲ್ಟರನ ಕೆಲಸ ಹೋಯಿತು, ಹಯವದನನದು ಉಳಿಯಿತು. ಅಂದಿನಿಂದ ಅವನ ಮುಖ ನೋಡಲೂ ಹಯವದನನಿಗೆ ಒಂಥರಾ ಆಗುತ್ತಿತ್ತು.

ವಾಲ್ಟರನ ಮನೆಯಲ್ಲಿ ನಾಲ್ಕು ಮಕ್ಕಳು. ಪ್ರತಿ ಚಳಿಗಾಲಕ್ಕೂ ಒಂದು ಜಿಂಕೆ ಹೊಡೆದು ಬೇಸ್‌ಮೆಂಟಿನ ಫ್ರೀಜರ್ ತುಂಬಿಸಿಡುವುದು ಅವರ ರೂಢಿ. ಈ ಸಲ ಒಂದು ಸಾಲದು. ಆದರೆ ಒಬ್ಬನ ಲೈಸೆನ್ಸಿಗೆ ಒಂದೇ ಜಿಂಕೆ.

“ನೀನೊಂದು ಲೈಸೆನ್ಸ್ ತಗೋ. ನೀನು ಹೇಗೂ ಮಾಂಸ ತಿನ್ನೋದಿಲ್ಲ, ನಿನ್ನ ಪಾಲಿನ ಜಿಂಕೆ ನಮಗಾಗುತ್ತದೆ. ಕಾಲೇಜಲ್ಲಿ ಬಂದೂಕು ಹಿಡಿದವನು ಅಂತ ನೀನೇ ಹೇಳಿದ್ದೆಯಲ್ಲ?” ಎಂದು ವಾಲ್ಟರ್ ಕೇಳಿದ್ದ.

ಹೇಳಿದ್ದು ನಿಜ. ಊಟದ ಹೊತ್ತಿನಲ್ಲಿ ಎಲ್ಲರೂ ಬೇಟೆಯ ಬಡಾಯಿ ಕೊಚ್ಚುವಾಗ ನಮ್ಮ ಹಯವದನನೂ ಮೊಸರನ್ನ ಕಲಸುತ್ತಾ ತನ್ನ ಎನ್‌ಸಿಸಿ ಗುರಿಗಾರಿಕೆಯನ್ನು ಊದಿದ್ದ. ಈಗ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಜಿಂಕೆ ನನ್ನ ಕಡೆಗೆಲ್ಲಿ ಬರುತ್ತದೆ, ಸುಮ್ಮನೆ ಕೂತಿದ್ದು ಬಂದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಉತ್ತರದ ಗ್ರೇಲಿಂಗ್ ಊರು ದಾಟಿ, ವಾಲ್ಟರನ ಭಾವಮೈದುನನ ಮರದ ಮನೆಯಲ್ಲಿ ಸಾಮಾನಿಳಿಸಿ ಕಾಡು ಹೊಕ್ಕರು. ಹಯವದನನನ್ನು ಒಂದು ಪೈನ್ ಮರದ ಬುಡದಲ್ಲಿ ಕೂರಿಸಿ ವಾಲ್ಟರ್ ಒಂದೇ ಮಾತನ್ನು ಎರಡು ಸಲ ಹೇಳಿದ: “ಗುಂಡು ತಗುಲಿದರೆ ನೀನು ಎದ್ದೇಳಬೇಡ. ಜಿಂಕೆ ಸ್ವಲ್ಪ ದೂರ ಹೋಗಿ ಮಲಗುತ್ತದೆ. ಬಿಟ್ಟರೆ ಅಲ್ಲೇ ಪ್ರಾಣ ಬಿಡುತ್ತದೆ. ಹತ್ತಿರ ಹೋದರೆ ಎದ್ದು ಓಡುತ್ತದೆ, ಆಮೇಲೆ ಕಯೋಟಿಗಳ ಪಾಲು. ನಾನು ಬರೋವರೆಗೆ ಕೂತಿರು.” ಕಯೋಟಿ ಎಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ರಕ್ತದ ವಾಸನೆ ಹಿಡಿದು ಗುಂಪಾಗಿ ಬರುತ್ತದೆ.

ಮಧ್ಯಾಹ್ನ ಇಳಿಯುತ್ತಿದ್ದಾಗ ಕೊಂಬಿನ ಜಿಂಕೆಯೊಂದು ನೇರ ಅವನೆದುರಿಗೇ ಬಂದು ನಿಂತಿತು. ಆಗ ಹಯವದನನಿಗೆ ವಾಲ್ಟರನ ಮಕ್ಕಳು ನೆನಪಾಗಲಿಲ್ಲ, ಕೌಸಲ್ಯಾಳೂ ನೆನಪಾಗಲಿಲ್ಲ. ಗುರಿ ಮಾತ್ರ ಕಂಡಿತು. ಬಂದೂಕಿನ ಕುದುರೆ ಒತ್ತಿದ. ಜಿಂಕೆ ಗೂನು ಬೆನ್ನಾಗಿ ನೆಗೆದಾಗ ಅವನ ಮೈಯೆಲ್ಲ ಝುಮ್ಮೆಂದಿತು. ಸಂತೋಷವಾಯಿತು. ಮುಂದೆ ಎಷ್ಟೋ ವರ್ಷ ಅವನು ಯಾರೆದುರಿಗೂ ಬಾಯಿಬಿಡದ ವಿಷಯ ಇದೊಂದೇ.

ಆದರೆ ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿದ್ದಿತ್ತು. ಜಿಂಕೆ ತೂರಾಡುತ್ತಾ ಹೋಗಿ, ಅವನ ಕಣ್ಣಳತೆಯಲ್ಲೇ ಪೊದೆಯೊಂದರ ಪಕ್ಕ ಮಡಚಿ ಕೂತಿತು. ಕತ್ತು ಎತ್ತಿತು, ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

ಹಯವದನನ ಸಂತೋಷ ಅಲ್ಲಿಗೇ ಇಂಗಿಹೋಯಿತು. ಅವನ ಅಜ್ಜಿ ಫ್ಯಾನಿಗೆ ಬಡಿದು ಬಿದ್ದ ಗುಬ್ಬಿಯ ಬಾಯಿಗೂ ಹತ್ತಿ ಅದ್ದಿ ನೀರು ಬಿಟ್ಟವಳು. ಸಾಯುವ ಜೀವವನ್ನು ಒಣಗಿದ ಬಾಯಲ್ಲಿ ಕಳಿಸಬಾರದು ಎಂಬುದು ಆ ಮನೆಯಲ್ಲಿ ಯಾರೂ ಕಲಿಸದೆಯೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಫ್ಲಾಸ್ಕಿನಲ್ಲಿದ್ದದ್ದು ಕಾಫಿ. ಹಯವದನ ಬಗ್ಗಿ ಒಂದು ಬೊಗಸೆ ಹಿಮ ತುಂಬಿಕೊಂಡು, ಅದು ಕರಗಿ ಬೆರಳ ಸಂದಿಯಲ್ಲಿ ತೊಟ್ಟಿಕ್ಕುತ್ತಿರಲು, “ರಾಮ ರಾಮ” ಎನ್ನುತ್ತಾ ಜಿಂಕೆಯ ಹತ್ತಿರ ನಡೆದ.

ಜಿಂಕೆ ಅವನನ್ನು ನೋಡಿತು. ಮರುಕ್ಷಣ, ಎಲ್ಲಿತ್ತೋ ಆ ಶಕ್ತಿ, ಎದ್ದು ಜೌಗಿನ ಕಡೆ ಓಡಿಯೇ ಬಿಟ್ಟಿತು.

ಅವನು ಓಡಿ ಬಂದು ಮರದ ಬುಡದಲ್ಲಿ ಏನೂ ಆಗದವನಂತೆ ಕೂತ. ಸ್ವಲ್ಪ ಹೊತ್ತಿಗೆ ವಾಲ್ಟರ್ ಬಂದ.

“ಎದ್ದು ಹೋಗಲಿಲ್ಲ ತಾನೆ?”

“ಇಲ್ಲ.”

ಬುದ್ಧಿವಂತ ಇಂಜಿನಿಯರಿಗೆ ಹಿಮದ ಮೇಲೆ ಹೆಜ್ಜೆ ಮೂಡುತ್ತದೆಂಬುದೂ ಹೊಳೆಯಲಿಲ್ಲ. ಅವನ ಬೂಟಿನ ಗುರುತುಗಳು ಮರದಿಂದ ಪೊದೆಗೆ, ಪೊದೆಯಿಂದ ಮರಕ್ಕೆ ಸಾಲಾಗಿ ಬಿದ್ದಿದ್ದವು. ವಾಲ್ಟರ್ ಅವುಗಳನ್ನು ನೋಡಿದ. ಅವನೇನಾದರೂ ಬೈದಿದ್ದರೆ ಹಯವದನ ಬದುಕಿಕೊಳ್ಳುತ್ತಿದ್ದ. ವಾಲ್ಟರ್ ಬೈಯಲಿಲ್ಲ. “ಬೇಗ ನಡೆ, ಕತ್ತಲಾಗುತ್ತದೆ,” ಎಂದಷ್ಟೇ ಹೇಳಿದ.

ರಕ್ತದ ಹನಿಗಳ ಜಾಡು ಹಿಡಿದು ಜೌಗಿಗಿಳಿದರು. ಮಂಜುಗಡ್ಡೆ ಒಡೆದು ಮೊಣಕಾಲವರೆಗೆ ನೀರು. ಅಲ್ಲಲ್ಲಿ ಹನಿ ಕಾಣೆಯಾಗಿ ಸುತ್ತಿ ಸುತ್ತಿ ಹುಡುಕಬೇಕಾಯಿತು. ಬೆಳಕು ಮಾಸುತ್ತಿದ್ದಂತೆ ಮುಂದೆಲ್ಲೋ ಕಯೋಟಿಗಳ ಕೂಗು ಎದ್ದಿತು. ಒಂದು, ಆಮೇಲೆ ಹಲವು. ವಾಲ್ಟರ್ ಓಡತೊಡಗಿದ. ಐವತ್ತು ದಾಟಿದ ಗಂಡಸು, ಬಿದ್ದು ಎದ್ದು ಓಡುತ್ತಿದ್ದ. ಹಯವದನನೂ ಹಿಂದೆಯೇ ಓಡಿದ.

ಅವರ ಸದ್ದಿಗೆ ಕಯೋಟಿಗಳು ಚದುರಿದವು. ಹಿಂದೊಡೆಗಳು ಆಗಲೇ ಮುಗಿದಿದ್ದವು, ಹೊಟ್ಟೆ ಬಗೆದಿತ್ತು. ವಾಲ್ಟರ್ ಮಂಡಿಯೂರಿ, ಚಾಕು ತೆಗೆದು, ಕೆಡದೆ ಉಳಿದ ಒಂದು ಭುಜವನ್ನೂ ಕತ್ತಿನ ಮಾಂಸವನ್ನೂ ಬಿಡಿಸಿದ. ಹಯವದನ ಟಾರ್ಚ್ ಹಿಡಿದು ನಿಂತ.

ಮರುದಿನ ವಾಲ್ಟರನಿಗೂ ಏನೂ ಸಿಗಲಿಲ್ಲ. ಹಿಂತಿರುಗುವಾಗ, ಹೆದ್ದಾರಿಯಿಂದ ಅವರ ಊರಿಗೆ ತಿರುಗುವ ಎಕ್ಸಿಟ್ ಹತ್ತಿರವಾದಾಗ ವಾಲ್ಟರ್ ಕೇಳಿದ:

“ಯಾಕೆ ಹೋದೆ?”

“ನೀರು ಕೊಡೋದಕ್ಕೆ. ಸಾಯುವಾಗ ನಮ್ಮಲ್ಲಿ ಬಾಯಿಗೆ ನೀರು ಬಿಡುತ್ತೇವೆ.”

ವಾಲ್ಟರ್ ಪಿಕಪ್ಪನ್ನು ಎಕ್ಸಿಟ್ಟಿಗೆ ತಿರುಗಿಸಿದ.

“ಕುಡಿಯಿತಾ?”

“ಇಲ್ಲ,” ಎಂದ ಹಯವದನ. ಅವನಿಗೆ ಅಳು ಬಂತು. ನೀರು ಬಿಟ್ಟು ತನ್ನ ಪಾಪ ತೊಳೆದುಕೊಳ್ಳುವ ಆತುರದಲ್ಲಿ ಜಿಂಕೆಗೆ ನೆಮ್ಮದಿಯ ಸಾವೂ ಇಲ್ಲ, ನಾಲ್ಕು ಮಕ್ಕಳಿಗೆ ಊಟವೂ ಇಲ್ಲ ಎನ್ನುವಂತೆ ಮಾಡಿಟ್ಟಿದ್ದ.

ವಾಲ್ಟರ್ ಇಳಿಸಿ ಹೋದ ಮೇಲೆ ಹಯವದನ ಬೆಲ್ ಒತ್ತಿದ. ಕೌಸಲ್ಯಾ ನಗುತ್ತಾ ಬಾಗಿಲು ತೆಗೆದಳು.

“ಸಿಕ್ತೇನ್ರೀ ಫೋಟೋ? ಅಲ್ಲೇ ಯಾಕೆ ನಿಂತ್ರಿ, ಒಳಗೆ ಬನ್ನಿ, ಚಳಿ.”

“ಒಂದು ಚೊಂಬು ನೀರು ಇಲ್ಲೇ ತಂದ್ಕೊಡೆ.”

ಹೊಸ್ತಿಲಾಚೆ ನಿಂತು ನೀರು ಕೇಳುವುದು ಸ್ಮಶಾನದಿಂದ ಬಂದವರು. ಕೌಸಲ್ಯಾಳ ನಗು ಆರಿತು.

“ಅಯ್ಯೋ, ಯಾರು ಹೋದ್ರು ರೀ?”

“ಜಿಂಕೆ. ನಾನೇ ಹೊಡೆದೆ ಕಣೆ.”

ಅವಳು ಅವನ ಕೊರಳಿನ ಕ್ಯಾಮೆರಾ ನೋಡಿದಳು, ಕೋಟಿನ ತೋಳಿನ ರಕ್ತದ ಕಲೆ ನೋಡಿದಳು. ಮಾತಾಡದೆ ಒಳಗೆ ಹೋಗಿ ಚೊಂಬು ತಂದಳು. ಹಯವದನ ಕೈ ಚಾಚಿದ. ಅವಳು ಚೊಂಬನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದಳು.