ಮನೆಯೊಳಗೆ ಬಂದ ಸೀತಾಳೆ ದಂಡೆ

ಒಂದು ಗಿಡವನ್ನು ಪ್ರೀತಿಯಿಂದಲೇ ಕೊಲ್ಲಲು ಮೂರು ಜನ ಸಾಕು. ನಮ್ಮ ಮನೆಯಲ್ಲಿ ಸರಿಯಾಗಿ ಮೂರು ಜನರಿದ್ದೆವು: ನಮ್ಮ ಅತ್ತೆ ಗುತ್ತೆವ್ವ, ಯಜಮಾನರು ಶಂಕ್ರಪ್ಪ, ಮತ್ತು ಸರೋಜವ್ವನೆಂಬ ನಾನು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೂ ಈ ಕೆಲಸದಲ್ಲಿ ಅವರಿಬ್ಬರಿಗಿಂತ ಹಿಂದೆ ಬೀಳಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಶಿಗ್ಗಾಂವಿಯ ನಮ್ಮ ಹಿತ್ತಲಲ್ಲಿ ಒಂದು ಹಳೆಯ ಮಾವಿನ ಮರವಿತ್ತು. ಅದರ ಕವಲಿನಲ್ಲಿ ಸೀತಾಳೆ ದಂಡೆ. ಅತ್ತೆ ಮದುವೆಯಾಗಿ ಬರುವಾಗ ಹಾನಗಲ್ಲಿನ ತವರಿನಿಂದ ತಂದು ಕಟ್ಟಿಸಿದ್ದರು. ಅದಕ್ಕೆ ಮಣ್ಣು ಬೇಡ, ಗೊಬ್ಬರ ಬೇಡ. ತೊಗಟೆಗೆ ಬೇರು ಅಂಟಿಸಿಕೊಂಡು ಗಾಳಿ ಮಳೆಯಲ್ಲೇ ಬದುಕುವ ಗಿಡ. ಜ್ಯೇಷ್ಠ ಬಂತೆಂದರೆ ಗೇಣುದ್ದದ ಹೂವಿನ ಜಡೆ ಇಳಿಬಿಡುತ್ತಿತ್ತು, ಬಿಳಿಯ ಮೇಲೆ ನೇರಳೆ ಚುಕ್ಕೆ. ಚೊಚ್ಚಲ ಬಸುರಿಯ ಕುಬಸ, ಎಂದರೆ ಸೀಮಂತ, ಜ್ಯೇಷ್ಠದಲ್ಲಿ ಕೂಡಿಬಂದರೆ ಆಕೆಗೆ ಈ ಹೂವನ್ನೇ ಮುಡಿಸುವುದು ನಮ್ಮ ಮನೆಯ ರೂಢಿ.

ನನಗೆ ಕೂಡಿಬಂದಿತ್ತು. ಎರಡು ವರ್ಷ ನನ್ನ ರೊಟ್ಟಿ ದಪ್ಪ, ನನ್ನ ನಡಿಗೆ ನಿಧಾನ, ನನ್ನ ಓದು ದಂಡ ಎನ್ನುತ್ತಿದ್ದ ಅತ್ತೆ ಅಂದು ನನ್ನ ಜಡೆಗೆ ಹೂ ಸಿಕ್ಕಿಸಿ, "ಇನ್ನ ನೀ ನಮ್ಮಾಕಿ" ಎಂದಿದ್ದರು. ಅಷ್ಟೇ ಮಾತು. ಅಷ್ಟಕ್ಕೇ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ.

ಸನ್ ೧೯೩೮ರ ಆಷಾಢದ ಗಾಳಿಗೆ ಆ ಮರ ಉರುಳಿತು. ಹಿತ್ತಲಲ್ಲಿ ಬೇರೆ ಮರವಿಲ್ಲ, ಬೇಲಿಗೆ ಕಟ್ಟಿದರೆ ಪಕ್ಕದ ಮನೆಯ ಆಡು ಬಿಡುವುದಿಲ್ಲ. ಹೀಗಾಗಿ ಗಿಡವನ್ನು ಬಿಡಿಸಿ ಮನೆಯೊಳಗೆ ತಂದೆವು.

ನಮ್ಮ ಯಜಮಾನರು ಎರೆಭೂಮಿಯಲ್ಲಿ ಹತ್ತಿ ಬೆಳೆದವರು. ಬತ್ತಲೆ ಬೇರು ಕಂಡರೆ ಅವರಿಗೆ ಬತ್ತಲೆ ಕೂಸು ಕಂಡ ಹಾಗೆ. "ಬೇರ ಬಯಲಿಗೆ ಬಿಟ್ರ ಯಾವ ಗಿಡ ಉಳಿತೈತಿ?" ಎಂದು ಒಂದು ಗಡಿಗೆಗೆ ಎರೆಮಣ್ಣು ತುಂಬಿ, ಮೇಲೆ ಎರಡು ಬೊಗಸೆ ಗೊಬ್ಬರ ಹಾಕಿ, ಗಿಡವನ್ನು ಕುತ್ತಿಗೆಯ ತನಕ ಹೂತರು. ನಾನು ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಸುರಿದೆ. ಅತ್ತೆ ಅದನ್ನು ಕಿಟಕಿಯಿಲ್ಲದ ದೇವರ ಮನೆಯಲ್ಲಿ ಇಡಿಸಿ, ದೃಷ್ಟಿಗೆ ಲಿಂಬೆಹಣ್ಣು ಕಟ್ಟಿ, ದಿನಾ ಲೋಬಾನದ ಹೊಗೆ ಹಾಕಿದರು. ಆರು ತಿಂಗಳಲ್ಲಿ ಎಲೆಗಳು ಒಂದೊಂದಾಗಿ ಹಳದಿಯಾದವು. ಆರೈಕೆ ಸಾಲದೆಂದು ತಿಳಿದು ನಾವು ಆರೈಕೆ ಹೆಚ್ಚಿಸಿದೆವು.

ಸಂಕ್ರಾಂತಿಯ ಹೊತ್ತಿಗೆ ರಟ್ಟೀಹಳ್ಳಿಯಿಂದ ಸುದ್ದಿ ಬಂತು: ಅಲ್ಲಿಗೆ ಮದುವೆ ಮಾಡಿಕೊಟ್ಟ ನಮ್ಮ ಮಗಳು ಹಾಲವ್ವ ಬಸುರಿ. ಬೆರಳೆಣಿಸಿದೆ. ಏಳನೆಯ ತಿಂಗಳು ಜ್ಯೇಷ್ಠಕ್ಕೇ ಬರುತ್ತಿತ್ತು! ಯಜಮಾನರು ಗಾಡಿ ಕಟ್ಟಿಸಿಕೊಂಡು ಹೋಗಿ, ಬೀಗತಿ ಸಾವಂತ್ರವ್ವನವರ ಮುಂದೆ ಎದೆಯುಬ್ಬಿಸಿ, ಕುಬಸಕ್ಕೆ ನಮ್ಮ ಮನೆಯ ದಂಡೆಯನ್ನೇ ಮುಡಿಸುತ್ತೇವೆಂದು ಹೇಳಿ ಬಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇತ್ತ ಗಡಿಗೆಯಲ್ಲಿ ನಾಲ್ಕೇ ಎಲೆ ಉಳಿದಿದ್ದವು.

"ಬೀಗತಿ ಏನಂದ್ರು?" ಎಂದೆ.

"'ಗಿಡದ ಮ್ಯಾಲಿನ ಬದನಿಕಿ ಮುಡಸ್ತೀರೇನ್ರಿ ಶಿಗ್ಗಾಂವಿಯಾಕಿಗೆ?' ಅಂದ್ರು."

ನಮ್ಮ ದಂಡೆಯನ್ನು ಬದನಿಕೆ, ಎಂದರೆ ಬಂದಳಿಕೆ, ಎಂದದ್ದಕ್ಕೆ ಯಜಮಾನರಿಗೆ ಸಿಟ್ಟು ಬಂದಿತ್ತು. ನನಗೆ ಚುಚ್ಚಿದ್ದು ಬೇರೆ ಮಾತು. ಮದುವೆಯಾಗಿ ವರ್ಷ ಕಳೆಯಲು ಬಂದರೂ ಆ ಮನೆಯಲ್ಲಿ ನನ್ನ ಮಗಳು ಇನ್ನೂ 'ಶಿಗ್ಗಾಂವಿಯಾಕಿ'ಯೇ ಆಗಿದ್ದಳು. ಆಕೆಯ ಜಡೆಯಲ್ಲಿ ಆ ಹೂ ನೋಡಲೇಬೇಕೆಂದು ನಾನು ಹಟ ಹಿಡಿದದ್ದು ಅಂದಿನಿಂದ.

ಆ ವಾರ ಸವಣೂರಿನ ಸಿರಾಜುದ್ದೀನ ಬಂದ. ವೀಳ್ಯದೆಲೆಯ ಬುಟ್ಟಿ ಹೊತ್ತು ವಾರಕ್ಕೊಮ್ಮೆ ಬರುವವನು, ಅತ್ತೆಯ ಖಾಯಂ ಎಲೆಯವನು. ಅತ್ತೆ ದಿನವಿಡೀ ಎಲೆ ಅಡಿಕೆ ಮೆಲ್ಲುವವರು. ತೋರುಬೆರಳಿನ ಸುಣ್ಣ ಆರಿದ್ದೇ ಇಲ್ಲ. ಉಳಿದ ಸುಣ್ಣವನ್ನು ಕಂಬಕ್ಕೋ ಕದಕ್ಕೋ ಒರೆಸುವುದು ಅವರ ಚಾಳಿ, ಅದನ್ನು ತಿಕ್ಕುತ್ತ ಗೊಣಗುವುದು ನನ್ನ ಚಾಳಿ. ಕಣ್ಣು ಮಂಜಾದ ಮೇಲೆ ಅವರು ಎಲ್ಲಿ ಕೈ ಇಟ್ಟರೂ ಅಲ್ಲೊಂದು ಬಿಳಿ ಬೊಟ್ಟು.

ಸಿರಾಜುದ್ದೀನ ಪಡಸಾಲೆಗೆ ಬಂದವನೇ ಮೂಗು ಅರಳಿಸಿದ. "ಅವ್ವಾರ, ಏನೋ ಕೊಳಿಯಾಕತ್ತೈತಲ್ರಿ. ನನ್ನ ಬುಟ್ಟಿಯಂತೂ ಅಲ್ಲ."

ಗಡಿಗೆ ತಂದು ತೋರಿಸಿದೆ. ಅವನು ಗಿಡವನ್ನು ಮಣ್ಣಿನಿಂದ ಎಳೆದು ತೆಗೆದ. ಅರ್ಧ ಬೇರು ಕಪ್ಪಾಗಿ ಲೊಳೆಯಾಗಿತ್ತು.

"ಅಕ್ಕಾರ, ನಾ ಎಲೀಗೆ ನೀರು ಕುಡಸೂದಿಲ್ರಿ, ಬರೇ ತಂಪು ತೋರಸ್ತೇನಿ. ನೀರು ನಿಂತ್ರ ಒಂದ ದಿನಕ್ಕ ಬುಟ್ಟೀನ ಕೊಳಿತೈತಿ. ಇದೂ ಅದ ಜಾತಿ ನೋಡ್ರಿ."

ಎಲೆಯ ತೊಟ್ಟು ಕತ್ತರಿಸುವ ಸಣ್ಣ ಚೂರಿಯಿಂದ ಕೊಳೆತ ಬೇರನ್ನೆಲ್ಲ ತೆಗೆದು, ಗಾಯಕ್ಕೆ ಅರಿಷಿಣ ಹಚ್ಚಿದ. ಹಿತ್ತಲಲ್ಲಿ ಬಿದ್ದಿದ್ದ ಅದೇ ಮಾವಿನ ಮರದ ತುಂಡಿಗೆ ತೆಂಗಿನ ನಾರಿಟ್ಟು ಗಿಡವನ್ನು ಕಟ್ಟಿದ. ಒಲೆಯ ಹೊಗೆ ತಾಗದ, ಎಳೆ ಬಿಸಿಲು ಬೀಳುವ, ಗಾಳಿಯಾಡುವ ಮೂಡಣ ಕಿಟಕಿಗೆ ತೂಗುಹಾಕಿದ.

"ಬೇರು ಬೆಳ್ಳಗಾದ್ರ ಅಕ್ಕಾರು ಮುಂಜಾನೆ ನಾಕು ಹನಿ ಚಿಮಕಸ್ಬೇಕು. ಹಸರ ಇದ್ರ ಅದೂ ಬ್ಯಾಡ. ಕೈ ಮಾತ್ರ ಯಾರೂ ಹಚ್ಚಬಾರ್ದು." ಮೂವರ ಮುಖವನ್ನೂ ನೋಡಿದ. ನಂಬಿಕೆ ಬರಲಿಲ್ಲ ಎಂದು ಕಾಣುತ್ತದೆ. ಬುಟ್ಟಿಯಿಂದ ಮೂರು ಎಲೆ ತೆಗೆದು, ಒಂದೊಂದರ ಮೇಲೆ ಅಡಿಕೆ ಇಟ್ಟು ಚಾಚಿದ. "ಹಿಡೀರಿ. ನಾ ಬಂದು ಹೂ ಬಿಡಿಸೂತನಕಾ ಗಿಡಾ ಮುಟ್ಟೂದಿಲ್ಲ ಅನ್ರಿ."

ಎಲೆ ಅಡಿಕೆ ಹಿಡಿದು ಕೊಟ್ಟ ಮಾತು ನಮ್ಮ ಕಡೆ ಕಾಗದಪತ್ರಕ್ಕಿಂತ ಗಟ್ಟಿ. ಹೆಣ್ಣು ಕೊಡುವುದು ತರುವುದು ಎಲ್ಲ ಅದರ ಮೇಲೆಯೇ ನಡೆಯುತ್ತದೆ. ಮೂವರೂ ಹಿಡಿದೆವು. ಅತ್ತೆ ಹಿಡಿದದ್ದನ್ನು ಆಗಲೇ ಬಾಯಿಗೆ ಹಾಕಿಕೊಂಡರು.

ಮುಂದಿನ ನಾಲ್ಕು ತಿಂಗಳು ಬಲು ಕಷ್ಟದ್ದು. ಏನಾದರೂ ಮಾಡು ಎಂದರೆ ಮಾಡಬಹುದು. ಏನೂ ಮಾಡಬೇಡ ಎಂದರೆ ಕೈ ಸುಮ್ಮನಿರುತ್ತದೆಯೇ? ಯಜಮಾನರು ಕೈ ಬೆನ್ನಿಗೆ ಕಟ್ಟಿಕೊಂಡು ಕಿಟಕಿಯ ಮುಂದೆ ಅಡ್ಡಾಡುತ್ತಿದ್ದರು. ಒಂದು ಮಧ್ಯಾಹ್ನ ಆ ಬೆನ್ನ ಹಿಂದಿನ ಮುಷ್ಟಿಯಲ್ಲಿ ಗೊಬ್ಬರ ಸಿಕ್ಕಿತು. ಮರುದಿನ ನಾನು ತುಂಬಿದ ತಂಬಿಗೆಯೊಂದಿಗೆ ಅವರ ಕೈಗೆ ಸಿಕ್ಕೆ. ಇಬ್ಬರೂ ಅತ್ತೆಗೆ ಹೇಳಲಿಲ್ಲ. ಅತ್ತೆಯೊಬ್ಬರೇ ಸತ್ಯವಂತರಂತೆ ಕಿಟಕಿಯ ಕೆಳಗೆ ಕುಳಿತು ಗಿಡಕ್ಕೆ ಬೈಯುತ್ತಿದ್ದರು: "ಏ ಹಾನಗಲ್ಲಾಕಿ, ಮಾನ ಕಳೀಬ್ಯಾಡ."

ಯುಗಾದಿಗೆ ಹೊಸ ಬೇರು ಹಸಿರು ತುದಿ ತೋರಿಸಿತು. ವೈಶಾಖದಲ್ಲಿ ಮೊಗ್ಗಿನ ಜಡೆ ಹೊರಟಿತು. ಕುಬಸದ ಹಿಂದಿನ ದಿನ ಅದು ಪೂರ್ತಿ ಅರಳಿದಾಗ ನನಗೆ ಕುಣಿಯಬೇಕೆನಿಸಿತು.

ಬೀಗರು ಬಂದರು. ಸಾವಂತ್ರವ್ವ ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, "ಬದನಿಕೀನೂ ಚಂದ ಇರತೈತಿ ಬಿಡ್ರಿ" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಹಾಲವ್ವ ಹಸಿರು ಸೀರೆಯುಟ್ಟು, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಳು. ಯಜಮಾನರು ಹೂ ಬಿಡಿಸಲು ಕೈ ಚಾಚಿದರು.

"ಕೈ ತಗೀ!" ಅತ್ತೆ ಗುಡುಗಿದರು. "ಸಿರಾಜ ಬಂದು ಬಿಡಿಸ್ಯಾನೇನು? ಎಲಿ ಹಿಡದೀವಿ ಮೂರೂ ಮಂದಿ."

ಸಿರಾಜುದ್ದೀನ ಹುಲಗೂರಿಗೆ ಹೋಗಿದ್ದ. ಎಲೆ ಬುಟ್ಟಿಯನ್ನು ಗಾಡಿಯಲ್ಲಿ ಕಳಿಸಿದ್ದ, ತಾನು ಬಂದಿರಲಿಲ್ಲ. ಮುಹೂರ್ತ ಮೀರುತ್ತಿತ್ತು. ನಾನು ಅಂಗಲಾಚಿದೆ, ಯಜಮಾನರು ರೇಗಿದರು, ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಜಗ್ಗಲಿಲ್ಲ. "ಬಸರಿ ಮುಂದ ಮಾತು ಮುರಿಯೂದು ಬ್ಯಾಡ. ಎಲಿ ಹಿಡೀಲಾರದವರು ಯಾರರ ತಗೀಲಿ" ಎಂದು ಬೀಗತಿ ಕುಳಿತ ಕಡೆಗೆ ಮುಖ ತಿರುಗಿಸಿದರು.

ಬೇರೆ ದಾರಿಯಿಲ್ಲದೆ ಸಾವಂತ್ರವ್ವ ಎದ್ದರು. ಸೆರಗು ಸಿಕ್ಕಿಸಿ, ಮುಕ್ಕಾಲಿಯ ಮೇಲೆ ನಿಂತು, ಉಸಿರು ಬಿಗಿಹಿಡಿದು ಹೂ ಬಿಡಿಸಿದರು. ತಾವೇ ತಂದು ಹಾಲವ್ವನ ಜಡೆಗೆ ಸಿಕ್ಕಿಸಿ, ಓರೆಯಾಯಿತೆಂದು ತೆಗೆದು ಮತ್ತೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ನಮ್ಮಾಕಿಗೆ ಹೆಂಗ ಒಪ್ಪೇತಿ ನೋಡ್ರಿ!" ಎಂದು ಎಲ್ಲ ಹೆಂಗಸರಿಗೂ ಕೇಳುವಂತೆ ಕೂಗಿದರು.

ಹಾಲವ್ವ ನನ್ನತ್ತ ನೋಡಿದಳು. ನಾನು ಹೋಳಿಗೆಯ ನೆಪ ಹೇಳಿ ಅಡುಗೆಮನೆಗೆ ಓಡಿದೆ.

ಬೀಗರೆಲ್ಲ ಹೋದ ಮೇಲೆ ಕಿಟಕಿಯ ಹತ್ತಿರ ಹೋದೆ. ಗಾಳಿಗೆ ಮಾವಿನ ತುಂಡು ತಿರುಗಿ ಹಿಂಬದಿ ಕಂಡಿತು. ಅದರ ತುಂಬ ಸುಣ್ಣದ ಬೊಟ್ಟು; ಹಳೆಯವು, ಹೊಸವು, ಒಂದರ ಮೇಲೊಂದು.

"ಅತ್ತೀ, ದಿನಾ ಮುಟ್ಟೀರಿ ನೀವು!"

"ಮುಟ್ಟೇನಿ. ಬೇರು ಒಣಗೇತೋ ಹಸೇ ಐತೋ, ಕಣ್ಣು ಕಾಣದಾಕಿ ಮುಟ್ಟದ ಹೆಂಗ ತಿಳ್ಕೋಬೇಕು?"

"ಮತ್ತ ಇವತ್ತ ಅಷ್ಟು ರಗಳೆ ಯಾಕ ಮಾಡಿದ್ರಿ?"

ಅತ್ತೆ ಎಲೆಗೆ ಸುಣ್ಣ ಸವರುತ್ತ ಕೇಳಿದರು: "ನಿನ್ನ ಕುಬಸಕ್ಕ ಹೂವಾ ಮುಡಿಸಿದಾಕಿ ನಿಮ್ಮವ್ವನೇನು?"

ನಾನು ಬೊಟ್ಟುಗಳು ಕಾಣದಂತೆ ಮಾವಿನ ತುಂಡನ್ನು ತಿರುಗಿಸಿಟ್ಟೆ. ಅವರು ಬೆರಳಲ್ಲಿ ಉಳಿದ ಸುಣ್ಣವನ್ನು ನಾನು ಮುಂಜಾನೆಯಷ್ಟೇ ತಿಕ್ಕಿದ್ದ ಕಂಬಕ್ಕೆ ಒರೆಸಿದರು. ಅಂದು ನಾನು ಗೊಣಗಲಿಲ್ಲ.