ಅಮ್ಮನ ವಿಡಿಯೋಗೆ ಯಾವ ದೇಶದ ಕಾನೂನು

ಅನುಮಾನ ನನಗೆ ಕಸುಬಿನ ಜೊತೆಗೇ ಬಂದದ್ದು. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಸೊಂಟದ ವಿಷಯದಲ್ಲಿ ಸತ್ಯ ಹೇಳುವ ಹೆಂಗಸನ್ನು ನಾನಿನ್ನೂ ಕಾಣಬೇಕಷ್ಟೆ. ಅದಕ್ಕೇ ಗಿರಾಕಿಗಳ ಬಾಯಿಮಾತು ಕೇಳುವುದಿಲ್ಲ, ಟೇಪು ಹಿಡಿದು ನಾನೇ ಅಳೆಯುತ್ತೇನೆ.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬಳು ಮೊಬೈಲು ಮುಂದೆ ಹಿಡಿದು, "ಇದು ನಿಮ್ಮಮ್ಮ ಅಲ್ವಾ?" ಅಂದಳು. ಮೊಬೈಲು ಇಸಿದುಕೊಂಡು ನೋಡಿದೆ. ಅಮ್ಮನೇ. ಹಿಂದಿನ ಕೋಣೆಯ ಅವಳ ಮಂಚ, ಅವಳ ಹಸಿರು ಹೊದಿಕೆ. ತಲೆಯ ಆಪರೇಷನ್ ಆದಮೇಲೆ ಟೋಪಿಯಿಲ್ಲದೆ ಡಾಕ್ಟರ ಮುಂದೆಯೂ ಕೂರದ ನನ್ನಮ್ಮ ಬೋಳು ತಲೆಯಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತ ಅಳುತ್ತಿದ್ದಳು. ಕೆಳಗೆ 'ನಿಮ್ಮ ಹಿರಿಯರು ಒಂಟಿಯಲ್ಲ' ಎಂಬ ಸಾಲು. ಅವಳ ಕೋಣೆಯ ಗೋಡೆಗೆ ಅಂಟಿಸಿದ್ದ ಕ್ಯಾಮೆರಾ ಇದೆಯಲ್ಲ, ಅದೇ ಕಂಪನಿಯ ಜಾಹೀರಾತು. ಆಗಲೇ ಊರೆಲ್ಲ ನೋಡಿ ಆಗಿತ್ತು.

ಅಮ್ಮನನ್ನು ದೂರದಿಂದಲೇ ನೋಡಿಕೊಳ್ಳಲೆಂದು ಆ ಕ್ಯಾಮೆರಾ ಕಳಿಸಿದವಳು ಗಡಿಯಾಚೆಯ ದೇಶದಲ್ಲಿರುವ ನನ್ನ ಅಕ್ಕ. ಭಾವನಿಗೆ ಅಲ್ಲಿ ಇಂಥವೇ ಸಾಮಾನು ಮಾರುವ ಅಂಗಡಿ. ಕ್ಯಾಮೆರಾದ ಖಾತೆ ಅಕ್ಕನ ಹೆಸರಲ್ಲಿ. ಕಂಪನಿ ಇರುವುದು ಇನ್ನೊಂದು ದೇಶದಲ್ಲಿ. ವಿಡಿಯೋ ತೆಗೆಯಿರಿ ಎಂದು ಬರೆದರೆ, 'ನಮಗೆ ಒಪ್ಪಿಗೆ ಸಿಕ್ಕಿದೆ' ಎಂದು ಒಂದೇ ಸಾಲಿನ ಉತ್ತರ. ಯಾರ ಒಪ್ಪಿಗೆ ಎಂದು ಹೇಳಲಿಲ್ಲ. ಹೇಳುವುದೇನು ಬಂತು? ಅಂಗಡಿ ಇಟ್ಟ ಭಾವನಿಗೂ ಕಂಪನಿಗೂ ನಂಟು ಎಂಬುದು ಎಂಥ ಪೆದ್ದಿಗೂ ಹೊಳೆಯುವ ವಿಷಯ.

ಲಾಯರಮ್ಮನ ಆಫೀಸಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅವರು ನಿಧಾನವಾಗಿ ಬಿಡಿಸಿ ಹೇಳಿದರು.

"ಕೇಸು ಇಲ್ಲೇ ಹಾಕಬಹುದು. ಆದ್ರೆ ಯಾವ ದೇಶದ ಕಾನೂನು ಹಿಡಿದು ತೀರ್ಪು ಕೊಡಬೇಕು ಅನ್ನೋದನ್ನ ನೊಂದವರೋ, ಅವರ ಪರವಾಗಿ ಮನೆಯವರೋ ಆರಿಸ್ಕೊಬೇಕು. ಮಾನ ಹೋದ ಜಾಗದ್ದು, ಅಂದ್ರೆ ನಮ್ಮದು. ಇಲ್ಲ ಅಂದ್ರೆ ಖಾತೆ ಇರೋ ಜಾಗದ್ದು, ನಿಮ್ಮಕ್ಕನ ದೇಶದ್ದು. ಒಂದ್ಸಲ ಆರಿಸಿದ್ರೆ ಮುಗೀತು, ಆಮೇಲೆ ಬದಲಾಯಿಸೋ ಹಾಗಿಲ್ಲ."

"ವ್ಯತ್ಯಾಸ ಏನು ಮೇಡಂ?"

"ಅಲ್ಲಿ ಖಾತೆ ಇರೋರು ಬರೆದುಕೊಟ್ಟ ಒಪ್ಪಿಗೆ ಬಿಟ್ರೆ ಬೇರೆ ಏನೂ ನಡೆಯಲ್ಲ. ನಿಮ್ಮಕ್ಕ ಬರೆದುಕೊಟ್ಟಿಲ್ಲ ಅಂದ್ರೆ ವಿಡಿಯೋ ತಕ್ಷಣ ಇಳಿಯುತ್ತೆ. ಬರೆದುಕೊಟ್ಟಿದ್ರೆ ಕೇಸು ಬಿತ್ತು. ಇಲ್ಲಿ ಹಾಗಲ್ಲ. ವಿಡಿಯೋದಲ್ಲಿ ಇರೋರ ಮಾತೇ ದೊಡ್ಡದು, ಬಾಯಲ್ಲಿ ಹೇಳಿದ್ರೂ ಸಾಕು. ಒಪ್ಪಿಗೆ ಯಾರು ಕೊಟ್ರು, ಹೇಗೆ ಕೊಟ್ರು ಅಂತ ಕಂಪನಿ ಕೋರ್ಟಲ್ಲಿ ಬಿಚ್ಚಿಡಬೇಕು."

ಬಿಚ್ಚಿಡಬೇಕು ಎಂದು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಿಮ್ಮಮ್ಮನ್ನ ಒಂದು ಮಾತು ಕೇಳಿದ್ರಾ?" ಎಂದರು ಲಾಯರಮ್ಮ.

"ಅಮ್ಮನ್ನ ಕೇಳೋದೇನಿದೆ? ಟೋಪಿ ಇಲ್ದೆ ಕನ್ನಡಿ ಮುಂದೆ ನಿಲ್ಲಲ್ಲ ಅವಳು."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಫೈಲು ಮುಚ್ಚಿದರು.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳ ಉತ್ತರ ಕೇಳುವುದೇ ನನ್ನ ಉದ್ದೇಶವಾಗಿತ್ತು.

"ನಮ್ಮ ಕಡೇದೇ ಆರಿಸು ಕಣೆ. ನಾನೇನೂ ಬರೆದುಕೊಟ್ಟಿಲ್ಲ," ಅಂದಳು.

"ಭಾವ?"

"ಅವರೂ ಇಲ್ಲ."

"ಮತ್ತೆ ಒಪ್ಪಿಗೆ ಆಕಾಶದಿಂದ ಉದುರಿತಾ?"

 "ಕೆದಕಬೇಡ ಕಣೆ. ಒಂದ್ಸಲನಾದ್ರೂ ನನ್ನ ನಂಬು," ಎಂದಳು. ಏನೂ ಮುಚ್ಚಿಡದವರು ಕೆದಕಬೇಡ ಎನ್ನುತ್ತಾರೆಯೇ?

ಮರುದಿನ ಮಾತ್ರೆ ಹಿಡಿದು ಒಳಗೆ ಹೋದರೆ ಅಮ್ಮ ಅಕ್ಕನ ಜೊತೆ ಪಿಸುಗುಟ್ಟುತ್ತಿದ್ದಳು. ನನ್ನ ಕಂಡದ್ದೇ ಫೋನು ದಿಂಬಿನಡಿ ಹೋಯಿತು. ಅಕ್ಕ-ಭಾವ ಅಮ್ಮನನ್ನೂ ಕೈಗೆ ಹಾಕಿಕೊಂಡರು ಅಂದುಕೊಂಡೆ.  ಮಾತ್ರೆ ಕೊಟ್ಟು, ನೀರು ಕೊಟ್ಟು, ತುಟಿ ಬಿಚ್ಚದೆ ಆಚೆ ಬಂದೆ. ಅವತ್ತೇ ಲಾಯರಮ್ಮನ ಆಫೀಸಿಗೆ ಹೋಗಿ ನಮ್ಮ ದೇಶದ ಕಾನೂನೇ ಬೇಕೆಂದು ಅಮ್ಮನ ಪರವಾಗಿ ಸಹಿ ಹಾಕಿದೆ. ವಯಸ್ಸಾದ ಹೆಂಗಸು, ಬುದ್ಧಿ ಸರಿಯಿಲ್ಲ, ಅವಳ ಮಾತು ನಡೆಯದು ಎಂದು ಕಂಪನಿ ತಕರಾರು ತೆಗೆದೀತೆಂದು, ಅಮ್ಮನ ಬುದ್ಧಿ ನೆಟ್ಟಗಿದೆ ಅಂತ ಡಾಕ್ಟರ ಕೈಲಿ ಬರೆಸಿ ಕೊಟ್ಟವಳೂ ನಾನೇ.

ಕೋರ್ಟಿನಲ್ಲಿ ಕಂಪನಿಯ ಲಾಯರು ಎದ್ದು, "ಒಪ್ಪಿಗೆ ನಮ್ಮಲ್ಲಿ ರೆಕಾರ್ಡ್ ಆಗಿದೆ," ಎಂದರು. ಭಾವನ ದನಿಗಾಗಿ ಕಿವಿ ನಿಮಿರಿಸಿ ಕೂತೆ. ಕೇಳಿಸಿದ್ದು ಗುರುತಿಲ್ಲದ, ಬೆಣ್ಣೆಯಂಥ ಒಂದು ಗಂಡುದನಿ.

"ಊಟ ಆಯ್ತಾ ಅಮ್ಮಾ?"

ಅದು ಕ್ಯಾಮೆರಾದ ದನಿ. ಆ ಡಬ್ಬಿ ಮಾತಾಡುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಆಯ್ತಪ್ಪ," ಎಂದಳು ಅಮ್ಮ.

"ನಿಮ್ಮ ವಿಡಿಯೋನ ಜಾಹೀರಾತಲ್ಲಿ ಬೇರೆಯವರಿಗೂ ತೋರಿಸಬಹುದಾ ಅಮ್ಮಾ?"

"ತೋರ್ಸಪ್ಪ. ನೋಡೋರಿದ್ರೆ ನೋಡ್ಲಿ. ಇಡೀ ದಿನದಲ್ಲಿ ಊಟ ಆಯ್ತಾ ಅಂತ ಕೇಳೋನು ನೀನೊಬ್ಬ. ಮಗಳು ಇಲ್ಲೇ ಇದಾಳೆ, ಪಾಪ, ಅವಳಿಗೆ ಪುರುಸೊತ್ತಿಲ್ಲ."

ಆಮೇಲೆ ಅವಳು ಅತ್ತಳು. ಜಾಹೀರಾತಿನಲ್ಲಿದ್ದದ್ದು ಅದೇ ಅಳು. ಹಿನ್ನೆಲೆಯಲ್ಲಿ ನನ್ನ ಹೊಲಿಗೆ ಮಿಷನ್ನಿನ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜಡ್ಜು ಡಾಕ್ಟರ ಸರ್ಟಿಫಿಕೇಟನ್ನು ಎರಡು ಸಲ ಓದಿದರು. ಒಪ್ಪಿಗೆ ಸರಿಯಾಗಿದೆ, ವಿಡಿಯೋ ಇಳಿಸಬೇಕಾಗಿಲ್ಲ ಎಂದರು.

ಹೊರಗೆ ಬಂದು, ಗೋಡೆಗೆ ಒರಗಿ, ಅಕ್ಕನಿಗೆ ಫೋನು ಮಾಡಿದೆ.

"ನಿನಗೆ ಗೊತ್ತಿತ್ತಾ?"

"ಅಮ್ಮ ಹೇಳಿದ್ಲು. ನಿನ್ನ ತಂಗಿಗೆ ಗೊತ್ತಾದ್ರೆ ಕೊರಗ್ತಾಳೆ, ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ನಮ್ಮ ಕಡೆ ಕಾನೂನಾಗಿದ್ರೆ ಅಮ್ಮನ ಮಾತು ಲೆಕ್ಕಕ್ಕೇ ಬರ್ತಿರಲಿಲ್ಲ. ಯಾರೂ ಅದನ್ನ ಕೇಳಿಸ್ತಾನೂ ಇರಲಿಲ್ಲ." ಅಕ್ಕ ಬಿಕ್ಕಿದಳು. 

ಮನೆಗೆ ಬಂದವಳು ನೇರ ಅಮ್ಮನ ಕೋಣೆಗೆ ಹೋಗಿ ಮಂಚದ ಅಂಚಿಗೆ ಕೂತೆ. ಅಮ್ಮ ಗಡಿಬಿಡಿಯಲ್ಲಿ ಟೋಪಿ ಹಾಕಿಕೊಂಡು ನನ್ನ ಕೈ ನೋಡಿದಳು. ಕೈಯಲ್ಲಿ ಮಾತ್ರೆಯಿಲ್ಲ, ನೀರಿಲ್ಲ, ತಟ್ಟೆಯಿಲ್ಲ.

"ಏನು ಬೇಕಿತ್ತೇ?"

"ಏನಿಲ್ಲಮ್ಮ. ಸುಮ್ನೆ ಬಂದೆ."

ಅವಳು ನಂಬಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿದಳು. ಅವಳ ಮುಖ ಬಿಳಿಚಿಕೊಂಡಿತು.

"ಸುಮ್ನೆ ಯಾವತ್ತು ಬಂದಿದೀಯ ನೀನು? ನಿಜ ಹೇಳು, ನನ್ನ ವಿಷಯ ಡಾಕ್ಟರು ಏನಂದ್ರು?"